ಗೊಂಬೆಯ ಸೊಂಟ, ಮಾಮನ ಸೊಂಟ

ಹೋದ ವಾರ ಸೆಲ್ವಪುರದ ಹತ್ತಿರ ಹೋಗುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಗಾಡಿ ನಿಲ್ಲಿಸಿ ಒಬ್ಬ ಅಕ್ಕಸಾಲಿಗರ ಅಂಗಡಿಯ ಮೆಟ್ಟಿಲು ಹತ್ತಿ ನಿಂತೆ. ಒಳಗೆ ಅವರು ಯಾರದೋ ಕಾಲುಚೈನಿಗೆ ಬೆಸುಗೆ ಹಾಕುತ್ತಿದ್ದರು. ಬಿಳಿಗಾರ, ಕಾದ ಲೋಹ, ಗ್ಯಾಸು ಮೂರೂ ಸೇರಿದ ಒಂದು ವಾಸನೆ ಹೊರಗೆ ಬಂತು. ಹಳೆಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಕಿವಿ ಬಿಸಿಯಾಯಿತು. ಎರಡೂ ಕಿವಿ. ನೆನೆದರೂ ಪರವಾಗಿಲ್ಲ ಎಂದು ಮೆಟ್ಟಿಲಿಳಿದು ಮಳೆಯಲ್ಲೇ ಗಾಡಿ ಓಡಿಸಿಕೊಂಡು ಮನೆಗೆ ಬಂದೆ.

ಆ ವಾಸನೆ ಎರಡು ವರ್ಷದ ಹಿಂದಿನ ತಮಿಳು ಐಪ್ಪಸಿ ತಿಂಗಳಿನದು. ನಮ್ಮ ಕೊಯಮತ್ತೂರಿನಲ್ಲಿ ಮಳೆ ಎಂದರೆ ದೀಪಾವಳಿಯ ಆಚೆ ಈಚೆ ಬರುವ ಮಳೆಯೇ. ಮಧ್ಯಾಹ್ನದವರೆಗೆ ಬಿಸಿಲು ಹೊಡೆಯುತ್ತದೆ, ಮೂರು ಗಂಟೆಗೆ ಆಕಾಶ ಮುಖ ಸಿಂಡರಿಸುತ್ತದೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಸುರಿಯುತ್ತದೆ. ಆ ವರ್ಷ ಅದು ಬೆಳಿಗ್ಗೆಯಿಂದಲೇ ಶುರುವಾಗುತ್ತಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ನಾನು ಗ್ಯಾಸಿನ ಟಾರ್ಚು ಹಚ್ಚಿಕೊಂಡು ಉಕ್ಕಿನ ಗುಂಡು ಕಾಯಿಸುತ್ತ ಕೂತಿದ್ದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಎರಡನೇ ಪಂಕ್ತಿ ಎದ್ದ ಮೇಲೆ ಯಾರೋ ಒಬ್ಬರು 'ಎಲ್ಲಿ ಆ ಕೋತಿ, ಕರೀರಿ' ಎನ್ನುತ್ತಾರೆ. ಆ ಕೋತಿ ನಾನು. ಪುರೋಹಿತರು ಮಂತ್ರದ ನಡುವೆ ಕೆಮ್ಮುವುದು, ಚಿಕ್ಕಪ್ಪ ಸೀನುವ ಮೊದಲು ಎಲ್ಲರ ಮುಖ ನೋಡುವುದು, ಕನ್ನಡ ಮಾತಾಡುತ್ತ ಮಾತಾಡುತ್ತ ಕೋಪ ಬಂದ ಕೂಡಲೆ ತಮಿಳಿಗೆ ಹಾರುವ ನಮ್ಮ ಅತ್ತೆಯಂದಿರು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ತಲೆಮಾರುಗಳ ಹಿಂದೆ ಮಗ್ಗ ಹೊತ್ತುಕೊಂಡು ಈ ಕಡೆ ಬಂದ ಮನೆತನ ನಮ್ಮದು. ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ಕನ್ನಡ ಅಕ್ಷರವನ್ನು ನಾನು ದೊಡ್ಡವನಾದ ಮೇಲೆ ಫೋನು ನೋಡಿ ಕಲಿತೆ. ಹಾಗಾಗಿ ಈ ಬರಹವನ್ನು ನಮ್ಮ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ.

ಆ ಮಳೆಗಾಲದಲ್ಲಿ ನಾನು ಮಾಡುತ್ತಿದ್ದದ್ದು ಒಂದು ಗೊಂಬೆಯ ಎಲುಬುಗೂಡು. ಗೊಂಬೆಯನ್ನು ಕೂದಲೆಳೆಯಷ್ಟು ಅಲುಗಿಸಿ ಒಂದು ಫೋಟೋ, ಮತ್ತೆ ಅಲುಗಿಸಿ ಇನ್ನೊಂದು ಫೋಟೋ, ಎಲ್ಲವನ್ನೂ ಸೇರಿಸಿ ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುವ ಸಿನಿಮಾ ಇದೆಯಲ್ಲ, ಅದಕ್ಕೆ ಬೇಕಾದದ್ದು. ಚೆನ್ನೈನ ಒಂದು ಚಿಕ್ಕ ಕಂಪನಿ ಮಕ್ಕಳ ಚಿತ್ರಕ್ಕೆಂದು ಒಬ್ಬ ಅಜ್ಜಿಯನ್ನು ಕೇಳಿತ್ತು. ಅಜ್ಜಿ ಕೋಳಿಯನ್ನು ಅಟ್ಟಿಸಿಕೊಂಡು ಹೋಗಬೇಕು. ಮೈ, ಮುಖ, ಸೀರೆ ಎಲ್ಲ ಅವರು ಮಾಡಿಕೊಳ್ಳುತ್ತಾರೆ, ಒಳಗಿನ ಕೀಲುಗೂಡು ಮಾತ್ರ ನನ್ನದು. ಅದಕ್ಕೆ ಅವರ ಭಾಷೆಯಲ್ಲಿ ಆರ್ಮೇಚರ್ ಎನ್ನುತ್ತಾರೆ. ಪಂಪುಸೆಟ್ಟಿನ ಊರಾದ ನಮ್ಮಲ್ಲಿ ಆರ್ಮೇಚರ್ ಎಂದರೆ ಮೋಟಾರಿನ ಹೊಟ್ಟೆಯೊಳಗಿನ ತಂತಿಸುತ್ತು. ಪಕ್ಕದ ಮನೆಯವರು ಸುಟ್ಟುಹೋದ ಮಿಕ್ಸಿ ತಂದು ಬಾಗಿಲಲ್ಲಿ ಇಟ್ಟು ಹೋದದ್ದೂ ಉಂಟು.

ಕೆಲಸ ನೋಡುವುದಕ್ಕೆ ಸುಲಭ. ಬೇರಿಂಗಿನ ಉಕ್ಕಿನ ಗುಂಡು ತರಬೇಕು. ಅದು ಎಷ್ಟು ಗಟ್ಟಿ ಎಂದರೆ ಡ್ರಿಲ್ಲಿನ ಮೊನೆಯೇ ಮುರಿಯುತ್ತದೆ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟರೆ ನಿಧಾನವಾಗಿ ತಣ್ಣಗಾಗುತ್ತ ಅದರ ಸೊಕ್ಕು ಇಳಿಯುತ್ತದೆ. ಆಗ ತೂತು ಹಾಕಿ, ಸಣ್ಣ ಕಡ್ಡಿ ಕೂರಿಸಿ, ಬಿಳಿಗಾರ ಸವರಿ ಬೆಳ್ಳಿಬೆಸುಗೆ ಹಾಕಬೇಕು. ಅಲ್ಲಿಗೆ ಎಲುಬಿನ ತುದಿಗೆ ಗುಂಡು ಬಂತು. ಗುಂಡನ್ನು ಎರಡು ಚಿಕ್ಕ ಪಟ್ಟಿಗಳ ನಡುವೆ ಹಿಡಿಸಿ ಮಧ್ಯೆ ಒಂದು ಸ್ಕ್ರೂ ಬಿಗಿದರೆ ಕೀಲು. ಆ ಸ್ಕ್ರೂ ಒಂದು ಚೂರು ಸಡಿಲವಾದರೆ ಅಜ್ಜಿ ಕುಡಿದವಳಂತೆ ಕುಸಿಯುತ್ತಾಳೆ, ಒಂದು ಚೂರು ಬಿಗಿಯಾದರೆ ಪೊಲೀಸು ಕವಾಯತಿನವಳಂತೆ ಸೆಟೆಯುತ್ತಾಳೆ. ಎತ್ತಿ ನಿಲ್ಲಿಸಿದ ಭಂಗಿಯಲ್ಲೇ ನಿಲ್ಲಬೇಕು, ಬೆರಳು ಸೋಕಿದರೆ ಬಳುಕಬೇಕು. ನಾನು ಎಷ್ಟೋ ಸಲ ಎದ್ದು ನಿಂತು ಅಜ್ಜಿಯಂತೆ ನಡೆದು ನೋಡುತ್ತಿದ್ದೆ. ಎಲ್ಲಿ ತೂಕ ಬೀಳುತ್ತದೆ, ಯಾವ ಕೀಲು ಮೊದಲು ಏಳುತ್ತದೆ. ಮಳೆ ನೋಡಲು ಹಿತ್ತಲಿಗೆ ಬಂದ ಎದುರುಮನೆಯವರು ಕಿಟಕಿಯಲ್ಲಿ ನನ್ನನ್ನು ಕಂಡು ಸರಸರನೆ ಒಳಗೆ ಹೋದರು.

ಅಮ್ಮ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಕಾಫಿಯನ್ನು ಹೊಸ್ತಿಲ ಮೇಲೆ ಇಟ್ಟು ಎರಡು ಸಲ ಕೆಮ್ಮಿ ಹೋಗುತ್ತಿದ್ದರು. ಪಂಪು ಕಂಪನಿಯ ಕ್ವಾಲಿಟಿ ಚೆಕ್ಕಿಂಗ್ ಕೆಲಸ ಬಿಟ್ಟು ಮಗ ಗೊಂಬೆ ಮಾಡುತ್ತ ಕೂತಿದ್ದಾನೆ ಎಂಬುದನ್ನು ಅವರು ಮನೆಯ ಕಕ್ಕಸು ತುಂಬಿದ ಸುದ್ದಿಯಂತೆ ಇಟ್ಟುಕೊಂಡಿದ್ದರು, ಹೊರಗೆ ಆಡುವಂತಿಲ್ಲ. ಅಪ್ಪ ಸೋಮನೂರಿನ ಪವರ್‌ಲೂಮಿನಲ್ಲಿ ಮೇಸ್ತ್ರಿ. ಸದ್ದಿನ ನಡುವೆ ದುಡಿದು ಅರ್ಧ ಕಿವುಡು. ಉಳಿದರ್ಧವನ್ನು ಅವರು ನನ್ನ ವಿಷಯ ಬಂದಾಗ ಸೇರಿಸಿಕೊಳ್ಳುತ್ತಿದ್ದರು. ಉತ್ತರ ಕೊಡುವ ಭಾರವೆಲ್ಲ ಅಮ್ಮನದೇ ಆಯಿತು.

ತಿರುಪ್ಪೂರಿನಲ್ಲಿ ಒಂದು ಸೀಮಂತ. ನಾನು ಹೋಗಿರಲಿಲ್ಲ. ಬಳೆ ತೊಡಿಸುವ ಹೊತ್ತಿನಲ್ಲಿ ಯಾರೋ ಅಮ್ಮನನ್ನು ಕೇಳಿದರಂತೆ, ಮಗನಿಗೆ ಈಗ ಏನು ವೇಲೆ, ಏನು ಕೆಲಸ ಎಂದು. ಸುತ್ತ ಇದ್ದವರೆಲ್ಲ ತಿರುಗಿದರಂತೆ. ಅಮ್ಮನ ಕಣ್ಣ ಮುಂದೆ ಏನು ಬಂತೋ, ಬೆಳಿಗ್ಗೆ ಗುಡಿಸುವಾಗ ಸಿಕ್ಕುವ ಉಕ್ಕಿನ ಗುಂಡುಗಳೇ ಬಂದಿರಬೇಕು, ಹೇಳಿಬಿಟ್ಟರು: ಸೊಂಟದ ಮೂಳೆಗೆ ಹಾಕುವ ಕೀಲು ಮಾಡುತ್ತಾನೆ, ಆಸ್ಪತ್ರೆಗೆ ಹೋಗುತ್ತದೆ.

ಕೊಯಮತ್ತೂರಿನಲ್ಲಿ ಈ ಸುಳ್ಳಿಗೆ ನೆಲ ಹದವಾಗಿದೆ. ಬೀದಿಗೊಂದು ಮೂಳೆ ಆಸ್ಪತ್ರೆ, ಮನೆಗೊಬ್ಬರು ಮಂಡಿಯನ್ನೋ ಸೊಂಟವನ್ನೋ ಬದಲಾಯಿಸಿಕೊಂಡವರು, ಸಂದಿಗೊಂದು ಲೇತು. ಎರಡನ್ನೂ ಕೂಡಿಸಿದರೆ ನಾನು. ಒಬ್ಬರೂ ಅನುಮಾನ ಪಡಲಿಲ್ಲ.

ವಾರದೊಳಗೆ ಫೋನು ಶುರುವಾಯಿತು. ಎಡಗಾಲು ಜೋಮು ಹಿಡಿಯುತ್ತದೆ, ಕೂತು ಏಳುವಾಗ ಲಟಕ್ ಎನ್ನುತ್ತದೆ, ನೋಡು ತಂಬಿ. ಅಮ್ಮನನ್ನು ಹಿಡಿದು ಕೇಳಿದೆ. ಅವರು ಅವರೆಕಾಳು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಅಪ್ಪುರಂ ಮತ್ತೇನಂತ ಹೇಳ್ಲಿ? ನನ್ನ ಮಗ ಗೊಂಬೆ ಇಟ್ಕೊಂಡು ಆಡ್ತಾನೆ ಅಂತ ಹೇಳ್ಲಾ, ಅಷ್ಟು ಜನರ ಮುಂದೆ?"

ನಾನು ಅಮ್ಮನ ದನಿಯಲ್ಲೇ ಅದನ್ನು ತಿರುಗಿ ಹೇಳಿ ನಗಿಸಲು ನೋಡಿದೆ. ನಗಲಿಲ್ಲ. ಅವರ ಕುತ್ತಿಗೆಯವರೆಗೂ ಕೆಂಪು ಹತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಬಂದ ಕೆಂಪಲ್ಲ ಅದು, ಸುಳ್ಳು ಹೇಳಲೇಬೇಕಾದಂಥ ಮಗನನ್ನು ಹೆತ್ತದ್ದಕ್ಕೆ. ಅಲ್ಲಿಂದ ಎದ್ದು ಕೋಣೆಗೆ ಬಂದೆ. ಬೂದಿಯೊಳಗಿನ ಗುಂಡು ಇನ್ನೂ ಬಿಸಿ ಇತ್ತು, ಮರೆತು ಕೈ ಹಾಕಿದೆ.

ಆದರೆ ಮನೆಯ ಗಾಳಿ ಬದಲಾಯಿತು. ಅಮ್ಮ ಶುಕ್ರವಾರದ ಪೂಜೆಗೆ ನೆರೆಹೊರೆಯವರಿಗಿಂತ ಮುಂಚೆ ಹೋಗಿ ಕೊನೆಗೆ ಬರತೊಡಗಿದರು. ಕಾಫಿಯ ಜೊತೆ ಮುರುಕು ಬಂತು. ಕೆಮ್ಮು ಒಂದಕ್ಕಿಳಿಯಿತು. ನಾನು ಫೋನಿನಲ್ಲಿ ದಪ್ಪ ದನಿ ಮಾಡಿ, ಭಾರ ಎತ್ತಬೇಡಿ, ನೆಲದಲ್ಲಿ ಕೂರಬೇಡಿ, ನಿಮ್ಮ ಡಾಕ್ಟರರನ್ನೇ ಕೇಳಿ ಎಂದು ಹೇಳಿ ಇಡುತ್ತಿದ್ದೆ. ಯಾರಿಗೂ ಕೇಡಾಗುವ ಮಾತಲ್ಲ. ಆದರೂ ಇಟ್ಟ ಮೇಲೆ ಕನ್ನಡಿ ಕಡೆ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಾಮ ಬಂದರು.

ಮಾಮ ಅಮ್ಮನ ಅಣ್ಣ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಒಂದರ ಮೇಲೊಂದು ಹಾಸಿದ ಬಟ್ಟೆಯನ್ನು ಮೇಜಿನ ಮುಂದೆ ನಿಂತು ಯಂತ್ರದಲ್ಲಿ ಕತ್ತರಿಸುವ ಕೆಲಸ. ಹರೆಯದಿಂದ ನಿಂತೇ ದುಡಿದವರು. ಬಲಗಡೆಯ ಸೊಂಟದ ಗುಂಡು ಸವೆದಿದೆ, ಬದಲಾಯಿಸಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಮಾಮ ಒಪ್ಪಿರಲಿಲ್ಲ. ಮೈಯೊಳಗೆ ಯಾರೋ ಯಾವುದೋ ಊರಿನ ಕಬ್ಬಿಣ ಇಡುವುದೆಂದರೆ ಅವರಿಗೆ ದೆವ್ವವನ್ನು ಮನೆಗೆ ಕರೆದಂತೆ. ಎಣ್ಣೆ ಹಚ್ಚಿದರು, ಪಟ್ಟು ಹಾಕಿಸಿದರು, ಹರಕೆ ಹೊತ್ತರು. ಈಗ ಕಂಪನಿಯವರು ನಿಲ್ಲುವುದು ಬೇಡ, ಕೂತು ಕಟ್ಟು ಎಣಿಸಿ ಎನ್ನುತ್ತಿದ್ದರು. ಕಟಿಂಗ್ ಮಾಸ್ಟರನನ್ನು ಕೂರಿಸುವುದೆಂದರೆ ಪೂಜಾರಿಯನ್ನು ಚಪ್ಪಲಿ ಕಾಯಲು ಕೂರಿಸಿದಂತೆ.

ಬಸ್ಸಿಳಿದು ಮಳೆಯಲ್ಲಿ ನಮ್ಮ ಬೀದಿಯಲ್ಲಿ ನಡೆದು ಬಂದಿದ್ದರು. ಪಂಚೆ ಮೊಣಕಾಲವರೆಗೆ ಕೆಸರು. ಕುರ್ಚಿಯ ಅಂಚಿಗೆ ಒಂದು ಪಕ್ಕ ಜಾರಿಕೊಂಡು ಕೂತು, ಅಮ್ಮ ಕೊಟ್ಟ ಟವಲಿನಿಂದ ತಲೆ ಒರೆಸಿಕೊಳ್ಳುತ್ತ, ಬಂದ ವಿಷಯವನ್ನು ನೇರವಾಗಿ ಹೇಳಿದರು. ಸೋದರಳಿಯನಾದ ನನ್ನನ್ನು ಅವರು ಕರೆಯುವುದು ಮಾಪ್ಳೆ ಎಂದೇ.

"ಮಾಪ್ಳೆ, ಆಪರೇಷನ್ ಮಾಡಿಸ್ಕೋತೀನಿ. ಆದ್ರೆ ನೀನು ಮಾಡಿದ ಕೀಲೇ ಹಾಕ್ಬೇಕು. ಡಾಕ್ಟರ್‌ಗೆ ನೀನೇ ಹೇಳ್ಬಿಡು. ನಮ್ಮ ಮನೆ ಹುಡುಗನ ಕೈಯಿಂದು ಅಂದ್ರೆ ನನಗೆ ಭಯ ಇಲ್ಲ."

ಅಡುಗೆಮನೆಯಲ್ಲಿ ಒಗ್ಗರಣೆ ಸೀಯುವ ವಾಸನೆ ಬಂತು. ಸೌಟಿನ ಸದ್ದು ನಿಂತಿತ್ತು. ಅಮ್ಮ ಹೊರಗೆ ಬರಲಿಲ್ಲ.

ನನ್ನ ಬಾಯಿಗೆ ಎಲ್ಲರ ದನಿಯೂ ಬರುತ್ತದೆ. ಆ ಹೊತ್ತು ಯಾರದೂ ಬರಲಿಲ್ಲ. ನಿಜ ಹೇಳಿದರೆ ಈ ಮನುಷ್ಯ ಎದ್ದು ಬಸ್ಸು ಹತ್ತಿ ಹೋಗುತ್ತಾನೆ, ಮತ್ತೆ ಆಪರೇಷನ್ನಿನ ಮಾತೆತ್ತುವುದಿಲ್ಲ, ಇನ್ನೆರಡು ವರ್ಷಕ್ಕೆ ಹಾಸಿಗೆ ಹಿಡಿಯುತ್ತಾನೆ. ಅಮ್ಮ ಅಣ್ಣನ ಮುಂದೆ ಸುಳ್ಳಿಯಾಗುತ್ತಾರೆ, ಸಂಜೆಯೊಳಗೆ ತಿರುಪ್ಪೂರಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಗೊಂಬೆ ಮಾಡುವವನನ್ನು ನಂಬಿಕೊಂಡು ಒಬ್ಬ ಮನುಷ್ಯ ಕತ್ತಿಯ ಕೆಳಗೆ ಮಲಗುತ್ತಾನೆ. ಮಾಮನಿಗೆ ಕೆಲಸ ತೋರಿಸುತ್ತೇನೆ ಬನ್ನಿ ಎಂದು ಕೋಣೆಗೆ ಕರೆದುಕೊಂಡು ಹೋದೆ. ಅವರು ನಡೆಯುವುದನ್ನು ಹಿಂದಿನಿಂದ ನೋಡಬಾರದು ಎಂದು ಮುಂದೆ ನಡೆದೆ.

ಕೋಣೆಯಲ್ಲಿ ಅಜ್ಜಿ ಹಲಗೆಯ ಮೇಲೆ ಒಂದು ಕಾಲು ಎತ್ತಿ ನಿಂತಿದ್ದಳು. ಒಂದೂವರೆ ಗೇಣು ಎತ್ತರ, ತಲೆ ಇಲ್ಲ, ಬರೀ ಕಡ್ಡಿ, ಗುಂಡು, ಪಟ್ಟಿ. ಮಾಮ ಬಾಗಿ ಬಹಳ ಹೊತ್ತು ನೋಡಿದರು. ಬಟ್ಟೆ ಹಿಡಿದು ಹಿಡಿದು ನಯವಾದ ಬೆರಳಿನಿಂದ ಅವಳ ತೊಡೆಯನ್ನು ಮೆಲ್ಲಗೆ ಒತ್ತಿದರು. ಒತ್ತಿದಷ್ಟೇ ಹೋಗಿ ಅಲ್ಲೇ ನಿಂತಿತು.

ನಾನು ಹೇಳಿದೆ. ಇದೇ ಮಾಮ ನಾನು ಮಾಡುವುದು, ಗೊಂಬೆಗೆ, ಮನುಷ್ಯರಿಗಲ್ಲ. ಅಮ್ಮ ಹೇಳಿದ್ದು ಸುಳ್ಳು. ಆಸ್ಪತ್ರೆಯವರು ಹಾಕುವುದು ದೊಡ್ಡ ಕಂಪನಿಯದು, ನನ್ನದಕ್ಕಿಂತ ಸಾವಿರ ಪಾಲು ಚೆನ್ನಾಗಿರುತ್ತದೆ. ಇದನ್ನೆಲ್ಲ ಗೋಡೆಯ ಕಡೆ ನೋಡಿಕೊಂಡು ಒಂದೇ ಉಸಿರಿಗೆ ಹೇಳಿದೆ.

ಮಾಮನ ಮುಖದಲ್ಲಿ ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಂತೆಯಲ್ಲಿ ಬೇರೆಯವರ ಕೈ ಹಿಡಿದುಕೊಂಡು ಬಂದ ಮಗುವಿನಂತೆ ಕಣ್ಣು ಪಿಳುಕಿಸಿದರು ಅಷ್ಟೇ.

"ಅಮ್ಮಿಣಿ ಯಾಕ್ ಹಂಗಂದ್ಲು?" ಎಂದರು. ಅಮ್ಮನನ್ನು ಅವರು ಇವತ್ತಿಗೂ ಹಾಗೇ ಕರೆಯುವುದು.

"ನಾಚಿಕೆ, ಮಾಮ."

ಅವರು ಸ್ಟೂಲಿನ ಮೇಲೆ ಕೂತು, ಹಾಗೇ ಸುಮ್ಮನೆ ಕೇಳುವವರಂತೆ ಕೇಳಿದರು.

"ನೀನು ಮದುವೆ ಮನೇಲಿ ನನ್ನ ಥರ ನಡೀತೀಯಂತಲ್ಲ. ನಾನು ನೋಡೇ ಇಲ್ಲ. ನಡಿ ನೋಡೋಣ."

ಇಲ್ಲ ಮಾಮ, ಅದೆಲ್ಲ ಹುಡುಗರು ಹೇಳುವುದು ಎಂದೆ. ನಡಿ ಎಂದರು. ಬಾಗಿಲಿಂದ ಕಿಟಕಿಯವರೆಗೆ ನಡೆದೆ. ಎಷ್ಟೋ ಸಲ ಚಪ್ಪಾಳೆ ಹೊಡೆಸಿಕೊಂಡ ನಡಿಗೆ. ಅವತ್ತು ಮಾತ್ರ ಕಾಲಿಗೆ ಸೀಸ ಕಟ್ಟಿದಂತಾಯಿತು. ಅರ್ಧಕ್ಕರ್ಧ ಕಡಿಮೆ ಮಾಡಿ, ಬರೀ ಸ್ವಲ್ಪ ಕುಂಟುವವನಂತೆ ನಡೆದೆ.

ಮಾಮ ತಲೆ ಆಡಿಸಿದರು. "ಕಮ್ಮಿ ಮಾಡ್ದೆ. ಸರಿಯಾಗ್ ನಡಿ."

ಆಗ ಸರಿಯಾಗಿ ನಡೆದೆ. ಬಲಗಾಲು ನೆಲ ಮುಟ್ಟುವ ಮುಂಚೆಯೇ ಮೇಲಿನ ಮೈಯನ್ನೆಲ್ಲ ಬಲಕ್ಕೆ ಎಸೆಯುವುದು, ಅಂಗೈಯಿಂದ ತೊಡೆಯನ್ನು ಹಿಂದಕ್ಕೆ ದೂಡುವುದು, ಮುಂದಿನ ಹೆಜ್ಜೆಗೆ ಮೊದಲು ಅರ್ಧ ಉಸಿರು ಹಿಡಿದು ನೋವು ಬಂತೇ ಎಂದು ಕೇಳಿಸಿಕೊಳ್ಳುವುದು. ಯಾರಾದರೂ ನೋಡುತ್ತಿದ್ದರೆ ಏನನ್ನೋ ಹುಡುಕುವವನಂತೆ ನೆಲ ನೋಡುವುದು. ನೆಲ ನೋಡಿಕೊಂಡೇ ಅವರ ಮುಂದೆ ಬಂದು ನಿಂತೆ. ತಲೆ ಎತ್ತಲಾಗಲಿಲ್ಲ. ನಗುವವರು ಯಾರೂ ಇಲ್ಲದ ಕೋಣೆಯಲ್ಲಿ ಆ ನಡಿಗೆ ಬರೀ ನೋವಾಗಿತ್ತು, ಬೇರೆ ಏನೂ ಆಗಿರಲಿಲ್ಲ.

"ಇಷ್ಟೊಂದಾ?" ಎಂದರು ಮಾಮ.

"ಇಷ್ಟು, ಮಾಮ."

ಅವರು ಊಟಕ್ಕೆ ಕೂತರು, ಸಾರು ಚೆನ್ನಾಗಿದೆ ಎಂದರು, ಅಮ್ಮನ ಹತ್ತಿರ ಯಾವುದನ್ನೂ ಎತ್ತಲಿಲ್ಲ. ಸಂಜೆ ಬಸ್ಸು ಹತ್ತಿಸಿ ಬಂದೆ. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಏನಂದ ಅಣ್ಣ ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ, ಅದು ನಿಜವೂ ಆಗಿತ್ತು. ಮುಂದಿನ ದಿನಗಳಲ್ಲಿ ಮಳೆ ಬಿಡಲಿಲ್ಲ, ತಿರುಪ್ಪೂರಿನಿಂದ ಫೋನೂ ಬರಲಿಲ್ಲ. ಉಕ್ಕಿನ ಕಡ್ಡಿಗಳಿಗೆ ಒಂದೇ ಬೆಳಗಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಉಜ್ಜಿ ಉಜ್ಜಿ ಇಡುತ್ತಿದ್ದೆ. ಅಜ್ಜಿಯ ಎರಡು ಕೈಯೂ ಮುಗಿದವು, ಸೊಂಟ ಮಾತ್ರ ಯಾಕೋ ಕೈಗೆ ಹತ್ತಲಿಲ್ಲ. ಅಮ್ಮ ಕಾಫಿ ಇಟ್ಟು ಕೆಮ್ಮದೆ ಹೋಗತೊಡಗಿದರು.

ಆಮೇಲೆ ಮಾಮನ ಹೆಂಡತಿ, ನಮ್ಮ ಅತ್ತೆ, ಫೋನು ಮಾಡಿದರು. ಮಾಮ ಒಪ್ಪಿದ್ದಾರೆ, ಆಸ್ಪತ್ರೆಗೆ ಬರುತ್ತಿದ್ದೇವೆ, ಅಮ್ಮಿಣಿಯೂ ಮಾಪ್ಳೆಯೂ ಇಬ್ಬರೂ ಇರಬೇಕಂತೆ.

ಡಾಕ್ಟರರ ಕೋಣೆಯಲ್ಲಿ ಮಾಮ, ಅಮ್ಮ, ನಾನು. ಅತ್ತೆ ಹೊರಗೆ ಚೀಟಿ ಹಿಡಿದು ಕೂತಿದ್ದರು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಮೇಜಿನ ಡ್ರಾಯರಿನಿಂದ ಮಾದರಿಯ ಕೀಲು ತೆಗೆದು ತೋರಿಸಿದರು. ಕನ್ನಡಿಯಂಥ ಗುಂಡು, ಅದಕ್ಕೊಂದು ಬಟ್ಟಲು. ಅಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಅಣ್ಣ ಈಗ, ಇದು ನಮ್ಮ ಹುಡುಗ ಮಾಡಿದ್ದಾ ಎಂದು ಕೇಳುತ್ತಾನೆ ಎಂದು ಅವರು ಕಾಯುತ್ತಿದ್ದರು. ಹೇಗೆ ಗೊತ್ತು ಎಂದರೆ, ಅವರು ಕಣ್ಣು ಮುಚ್ಚಿಕೊಂಡಿದ್ದರು.

ಮಾಮ ಗುಂಡನ್ನು ಕೈಯಲ್ಲಿ ಹೊರಳಿಸಿ ನೋಡಿ, ನನ್ನ ಕಡೆ ಗದ್ದ ಎತ್ತಿ, ಡಾಕ್ಟರಿಗೆ ತಮಿಳಿನಲ್ಲಿ, ಊರಿನ ಮಳೆ ಬೆಳೆ ಹೇಳುವಷ್ಟು ಸಲೀಸಾಗಿ ಹೇಳಿದರು: ನನ್ನ ತಂಗಿ ಮಗನೂ ಇದೇ ಕೆಲಸ ಮಾಡುತ್ತಾನೆ ಸಾರ್, ಗೊಂಬೆಗಳಿಗೆ. ಸಿನಿಮಾದಲ್ಲಿ ನಡೆಯುವ ಗೊಂಬೆಗಳಿಗೆ. ನೋಡಿದ್ದೀನಿ, ಇಟ್ಟ ಕಡೆ ನಿಲ್ಲುತ್ತದೆ.

ಅಮ್ಮ ಕಣ್ಣು ತೆರೆದರು. ಯಾರ ಮುಖವನ್ನೂ ನೋಡಲಿಲ್ಲ. ಕಾಲ ಬಳಿ ಇದ್ದ ಫ್ಲಾಸ್ಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಅದರ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು, ಆಗಲೇ ಬಿಗಿಯಾಗಿದ್ದ ಮುಚ್ಚಳವನ್ನು. ಡಾಕ್ಟರು ನಿಜವಾಗಿಯೂ ಖುಷಿಪಟ್ಟರು. ಫೋಟೋ ಇದೆಯೇ ಎಂದು ಕೇಳಿ, ನನ್ನ ಫೋನನ್ನು ಇಸಿದುಕೊಂಡು ದೊಡ್ಡದು ಮಾಡಿ ನೋಡಿ, ನಾವು ಹಾಕುವ ಗುಂಡು ತಡೆಯಿಲ್ಲದೆ ಓಡಬೇಕು, ನಿಮ್ಮದು ತಡೆದು ನಿಲ್ಲಬೇಕು, ನಿಮ್ಮದೇ ಕಷ್ಟ ಎಂದರು. ನಾನು ಸರೀಂಗ ಸಾರ್ ಎಂದೆ. ನನ್ನ ಜೀವನದಲ್ಲಿ ಯಾರೂ ನನ್ನ ಕೆಲಸವನ್ನು ಹಾಗೆ ಹೊಗಳಿರಲಿಲ್ಲ. ಅದನ್ನು ಕೇಳಿಸಿಕೊಳ್ಳುತ್ತ ಅಮ್ಮನ ಪಕ್ಕ ಕೂತಿರುವುದಕ್ಕಿಂತ ಆ ಮೇಜಿನ ಕೆಳಗೆ ತೂರಿಕೊಳ್ಳುವುದು ವಾಸಿ ಎನ್ನಿಸಿತು.

ಆಪರೇಷನ್ ದಿನ ಹೊರಗಿನ ಬೆಂಚಿನಲ್ಲಿ ಅಮ್ಮ ನನ್ನ ಪಕ್ಕ ಬಿಟ್ಟು ಅತ್ತೆಯ ಆಚೆ ಬದಿಗೆ ಕೂತರು. ಎಲ್ಲ ಸರಿಯಾಯಿತು ಎಂದು ನರ್ಸು ಬಂದು ಹೇಳಿದಾಗ ಅತ್ತೆ ಅತ್ತರು, ಅಮ್ಮ ಅಳಲಿಲ್ಲ. ಮಾಮನಿಗೆ ಎಚ್ಚರ ಬಂದ ಮೇಲೆ ಒಳಗೆ ಹೋಗಿ, ಅಣ್ಣನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ಒಂದು ಕ್ಷಣ ನಿಂತು ಬಂದರು. ಹೊರಡುವಾಗ ಮಾಮನೇ ಒಣಗಿದ ಬಾಯಲ್ಲಿ ಒಂದು ಮಾತು ಹೇಳಿದ್ದು.

"ಅಮ್ಮಿಣಿ, ನೀನು ಆ ಗೊಂಬೆ ನೋಡಿದ್ದೀಯಾ?"

ಆಟೋದಲ್ಲಿ ಬರುವಾಗ ಮಳೆ ಅಡ್ಡ ಹೊಡೆಯುತ್ತಿತ್ತು. ಅಮ್ಮ ನನ್ನ ಕಡೆಯ ಟಾರ್ಪಾಲನ್ನು ಎಳೆದು ಹಿಡಿದುಕೊಂಡು ಕೂತಿದ್ದರು. ಮನೆಗೆ ಬಂದು ಕಾಲು ತೊಳೆದು ನೇರ ಹಿಂದಿನ ಕೋಣೆಗೆ ನಡೆದರು. ಹೊಸ್ತಿಲಲ್ಲಿ ಒಂದು ಸಲ ನಿಂತರು, ಆಮೇಲೆ ಒಳಗೆ ಬಂದರು. ನಾನು ಲೈಟು ಹಾಕಿದೆ. ಸ್ಟೂಲನ್ನು ಒರೆಸಿದೆ. ಅವರು ಕೂರಲಿಲ್ಲ. ಅಜ್ಜಿಯ ಸುತ್ತ ಒಂದು ಸುತ್ತು ಬಂದರು. ಎತ್ತಿದ ಕೈಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಳಿಸಿದರು. ಅದು ಇಳಿಸಿದಲ್ಲೇ ನಿಂತದ್ದನ್ನು ನೋಡಿ ಮತ್ತೆ ಎತ್ತಿದರು.

"ಗಂಡಾ, ಹೆಣ್ಣಾ?"

"ಹೆಣ್ಣು. ಅಜ್ಜಿ. ಕೋಳಿ ಹಿಡಿಯೋಕೆ ಓಡ್ತಾಳೆ."

ಅಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಸೀಮಂತದ ಮನೆಯಲ್ಲಿ ನಾಲ್ಕು ಜನರ ಮುಂದೆ ಅವರು ಅನುಭವಿಸಿದ್ದೆಲ್ಲ ಅದರಲ್ಲಿತ್ತು.

"ವಯಸ್ಸಾದ ಹೆಂಗಸನ್ನ ಹಿಂಗಾ ನಿಲ್ಸೋದು, ಬರೀ ಮೈಯಲ್ಲಿ? ಕಿಟಕಿ ಬೇರೆ ತೆರೆದಿದೆ. ನಾಚಿಕೆ ಇಲ್ವೇನ್ಡಾ ನಿನಗೆ?"

ಮೇಜಿನ ಮೇಲೆ ಎಣ್ಣೆ ಒರೆಸಲು ಇಟ್ಟಿದ್ದ ಬನಿಯನ್ ತುಂಡುಗಳಿದ್ದವು. ಅವರು ಅದರಲ್ಲಿ ಹುಡುಕಿ, ಕೊಳೆಯಾಗದ ಒಂದು ತಿಳಿಹಸಿರಿನ ತುಂಡನ್ನು ಆರಿಸಿ, ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದರು. ಸೊಂಟಕ್ಕೆ ಸುತ್ತಿದರು, ಮುಂದೆ ನೆರಿಗೆ ಹಿಡಿದು ಸಿಕ್ಕಿಸಿದರು, ಉಳಿದದ್ದನ್ನು ಎದೆಯ ಮೇಲೆ ಹಾಯಿಸಿ ತಲೆಯಿಲ್ಲದ ಕುತ್ತಿಗೆಯ ಹಿಂದಿನಿಂದ ತಂದು ಬಲಗಡೆ ಸಿಗಿಸಿದರು, ಓಡುವವಳು ಸೆರಗು ಬಿಗಿಯುವ ಹಾಗೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ನೆರಿಗೆ ಸರಿ ಮಾಡಿದರು.

"ಈಗ ಯಾರ್ಗ್ ಬೇಕಾದ್ರೂ ತೋರ್ಸು" ಎಂದು ಹೇಳಿ ಅಡುಗೆಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಅಜ್ಜಿಯ ಸೊಂಟದ ಸ್ಕ್ರೂ ಬಿಗಿ ಮಾಡಲೇಬೇಕಿತ್ತು. ಸೀರೆ ಬಿಚ್ಚದೆ ಕೈ ಹೋಗುವಂತಿರಲಿಲ್ಲ. ಎದ್ದು ಹೋಗಿ ಕಿಟಕಿ ಹಾಕಿ, ಬಾಗಿಲನ್ನೂ ಹಾಕಿಕೊಂಡು ಬಂದು ಕೂತೆ.